ಸ್ವೀಡನ್ನಿನವರು ನಗದು ಬಿಟ್ಟ ಕಥೆ

1644ರಲ್ಲಿ ಸ್ವೀಡನ್ನಿನ ಆವೆಸ್ತಾ ಊರಿನ ಟಂಕಸಾಲೆಯಲ್ಲಿ ಅಚ್ಚಾದ ಹತ್ತು ದಾಲೆರ್ ನಾಣ್ಯವೊಂದರ ತೂಕ 19.7 ಕಿಲೋ. ಅದು ದುಂಡಗಿನ ಬಿಲ್ಲೆಯಲ್ಲ, ಎರಡಡಿ ಮೀರಿದ ಉದ್ದ, ಒಂದಡಿ ಅಗಲದ ತಾಮ್ರದ ಹಲಗೆ. ನಾಲ್ಕು ಮೂಲೆಗೂ ಕಿರೀಟವಿರುವ ಒಂದೊಂದು ದುಂಡು ಮುದ್ರೆ, ನಟ್ಟನಡುವೆ ಬೆಲೆ ತಿಳಿಸುವ ಇನ್ನೊಂದು. ಯಾರೂ ಅಂಚು ಕತ್ತರಿಸಿ ತಾಮ್ರ ಕದಿಯಬಾರದೆಂದು ಮೂಲೆಗಳಿಗೆ ಮುದ್ರೆ ಒತ್ತುತ್ತಿದ್ದರು. ಸ್ಟಾಕ್‌ಹೋಮಿನಲ್ಲಿರುವ ರಾಜಮನೆತನದ ನಾಣ್ಯ ಸಂಗ್ರಹದಲ್ಲಿ ಇಂಥ ಹಲಗೆಗಳಿವೆ. ಅವುಗಳ ಮುಂದೆ ನಿಂತಾಗ ನನಗೆ ಅಪ್ಪನ ಅಂಗಡಿಯ 25 ಕಿಲೋ ಅಕ್ಕಿ ಚೀಲ ನೆನಪಾಗುತ್ತದೆ. ಹೆಗಲ ಮೇಲೆ ಹೊತ್ತು ತಂದು ಎಣಿಸಿಕೊಡಬೇಕಾದ ದುಡ್ಡು ಅದು.

ನಾನು ಹುಟ್ಟಿದ್ದು ರಾಣೆಬೆನ್ನೂರಿನ ಕಿರಾಣಿ ಅಂಗಡಿಯವರ ಮನೆಯಲ್ಲಿ. ಗಲ್ಲಾಪೆಟ್ಟಿಗೆಯ ಚಿಲ್ಲರೆ ಎಣಿಸುತ್ತ, ಉದ್ರಿ ಪುಸ್ತಕದಲ್ಲಿ ಅಪ್ಪ ಹೇಳಿದ್ದನ್ನು ಬರೆಯುತ್ತ ಲೆಕ್ಕ ಕಲಿತವಳು. ಈಗ ಸ್ಟಾಕ್‌ಹೋಮಿನಲ್ಲಿ ಲೆಕ್ಕಪತ್ರದ ಕೆಲಸವೇ ನನ್ನ ಹೊಟ್ಟೆಪಾಡು. ತಿಂಗಳ ಕೊನೆಗೆ ನೂರಾರು ಬಿಲ್ಲು ಪಾವತಿ ಮಾಡುತ್ತೇನೆ, ಒಂದು ನೋಟನ್ನೂ ಮುಟ್ಟುವುದಿಲ್ಲ. ಬಸ್ಸಿಗೆ ಕಾರ್ಡು, ರೊಟ್ಟಿ-ಹಾಲಿಗೆ ಕಾರ್ಡು, ಬೀದಿಬದಿ ಸಂತೆಯಲ್ಲಿ ಹಳೆ ಪುಸ್ತಕ ಕೊಂಡರೆ ಮೊಬೈಲಿನಲ್ಲಿ ಸ್ವಿಶ್ ಎಂಬ ಪಾವತಿ ಆ್ಯಪು. ಊರಿನಿಂದ ಬರುವ ನೆಂಟರು ಇದನ್ನೆಲ್ಲ ನೋಡಿ, ‘ಎಲ್ಲಾ ಮೊಬೈಲ್ ಬಂದ ಮೇಲಲ್ಲವಾ ಆಗಿದ್ದು’ ಅನ್ನುತ್ತಾರೆ. ಅಲ್ಲ. ಸ್ವೀಡನ್ನಿನವರು ನಗದು ಬಿಡಲು ಶುರುಮಾಡಿ ಬಹಳ ಕಾಲವಾದ ಮೇಲೆ ಮೊಬೈಲ್ ಬಂತು. ದುಡ್ಡನ್ನು ಬೇರೆಯವರ ಕೈಲಿಟ್ಟು, ಅವರು ಬರೆದುಕೊಟ್ಟ ಚೀಟಿಯನ್ನೋ ಲೆಕ್ಕವನ್ನೋ ದುಡ್ಡೆಂದು ನಂಬುವುದು ಇಲ್ಲಿ ಮೂರೂವರೆ ಶತಮಾನದ ಅಭ್ಯಾಸ. ಆ ನಂಬಿಕೆಗೆ ಯಾರು ಹೊಣೆ ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು.

ತಾಮ್ರದಿಂದಲೇ ಶುರುಮಾಡುತ್ತೇನೆ. ಹದಿನೇಳನೇ ಶತಮಾನದಲ್ಲಿ ಯುರೋಪಿಗೆ ಬೇಕಾದ ತಾಮ್ರದ ಬಹುಪಾಲು ಸ್ವೀಡನ್ನಿನ ಫಾಲುನ್ ಗಣಿಯಿಂದ ಬರುತ್ತಿತ್ತು. ಬೆಳ್ಳಿ ಕಡಿಮೆ, ತಾಮ್ರ ಧಾರಾಳ. ಅಷ್ಟೂ ತಾಮ್ರವನ್ನು ಹೊರಗೆ ಮಾರಿದರೆ ಬೆಲೆ ಕುಸಿಯುತ್ತದೆ, ಒಂದು ಪಾಲನ್ನು ದೇಶದೊಳಗೇ ನಾಣ್ಯವಾಗಿ ಚಲಾವಣೆಗೆ ಬಿಟ್ಟರೆ ಬೆಲೆ ನಿಲ್ಲುತ್ತದೆ ಎಂದು ದೊರೆ ಎರಡನೇ ಗುಸ್ತಾವ್ ಅಡಾಲ್ಫ್ 1624ರಲ್ಲಿ ತಾಮ್ರದ ನಾಣ್ಯ ಜಾರಿಗೆ ತಂದ. ನಾಣ್ಯದ ಬೆಲೆಯಷ್ಟೇ ಲೋಹ ನಾಣ್ಯದಲ್ಲಿ ಇರಬೇಕೆಂಬುದು ಆ ಕಾಲದ ನಿಯಮ. ಬೆಳ್ಳಿಯ ಮುಂದೆ ತಾಮ್ರದ ಬೆಲೆ ತೀರಾ ಕಡಿಮೆಯಾದ್ದರಿಂದ ದೊಡ್ಡ ಮೊತ್ತಕ್ಕೆ ದೊಡ್ಡ ಹಲಗೆಯೇ ಬೇಕಾಯಿತು. ಅವನ ಮಗಳು ಕ್ರಿಸ್ತೀನಾ ರಾಣಿಯ ಕಾಲಕ್ಕೆ ಆ ಹಲಗೆಗಳು ಟಂಕಸಾಲೆಯಿಂದ ಹೊರಬಂದವು. ಹತ್ತು ದಾಲೆರ್ ಹಲಗೆ ಹೊತ್ತು ತಿರುಗಲಾಗದೆ ಬೇಗ ನಿಂತುಹೋದರೂ ಸಣ್ಣ ಹಲಗೆಗಳು 1776ರವರೆಗೆ ನಡೆದವು. ತೆರಿಗೆ ಕಟ್ಟುವುದಕ್ಕೆ ಗಾಡಿ ಹೂಡಬೇಕು, ಮನೆಯಲ್ಲಿ ಉಳಿತಾಯ ಇಡುವುದಕ್ಕೆ ಗಟ್ಟಿ ನೆಲ ಬೇಕು.

ಈ ಹಲಗೆಗಳ ಕಥೆ ನಮ್ಮ ಕಡೆಗೂ ಒಂದು ಸಲ ಹೊರಳಿದೆ. 1783ರಲ್ಲಿ ನಿಕೋಬಾರ್ ಎಂಬ ಡೆನ್ಮಾರ್ಕಿನ ಹಡಗು ತಮಿಳುನಾಡಿನ ತರಂಗಂಬಾಡಿಗೆ ಹೊರಟಿತ್ತು. ಆಗ ಆ ಊರು ಡೇನರ ವಸಾಹತು. ಹಡಗಿನ ತಳದಲ್ಲಿ ಸ್ವೀಡನ್ನಿನ ತಾಮ್ರದ ಹಲಗೆಗಳು ತುಂಬಿದ್ದವು. ಸ್ವೀಡನ್ನಿನಲ್ಲಿ ಚಲಾವಣೆ ಕಳೆದುಕೊಂಡ ದುಡ್ಡಿಗೆ ಭಾರತದ ಪೇಟೆಯಲ್ಲಿ ತಾಮ್ರದ ಬೆಲೆ ಸಿಗುತ್ತಿತ್ತು. ಹಡಗು ಆಫ್ರಿಕದ ದಕ್ಷಿಣ ತುದಿಯಲ್ಲಿ ಮುಳುಗಿತು. ಇನ್ನೂರು ವರ್ಷ ಕಳೆದ ಮೇಲೆ ಸಮುದ್ರದ ತಳದಿಂದ ಮೂರು ಸಾವಿರದಷ್ಟು ಹಲಗೆಗಳನ್ನು ಮೇಲೆತ್ತಿದರು. ಇವತ್ತು ಜಗತ್ತಿನ ನಾಣ್ಯ ಸಂಗ್ರಾಹಕರ ಬಳಿ ಇರುವ ಹಲಗೆಗಳಲ್ಲಿ ಎಷ್ಟೋ ಆ ಹಡಗಿನವು, ಉಪ್ಪುನೀರು ತಿಂದು ಮೈಯೆಲ್ಲ ತಗ್ಗುದಿಣ್ಣೆಯಾದವು. ತಲುಪಿದ್ದರೆ ತರಂಗಂಬಾಡಿಯ ಕಂಚುಗಾರರ ಕುಲುಮೆಯಲ್ಲಿ ಕರಗಿ ಕೊಡಪಾನವಾಗಿ ನಮ್ಮ ಯಾರದೋ ಅಡುಗೆಮನೆ ಸೇರುತ್ತಿದ್ದವೇನೋ.

ಹಲಗೆ ಹೊರುವ ಕಷ್ಟದಿಂದಲೇ ಯುರೋಪಿನ ಮೊದಲ ಬ್ಯಾಂಕ್ ನೋಟು ಹುಟ್ಟಿತು. ರೀಗಾದಲ್ಲಿ ಹುಟ್ಟಿ, ಆಮ್‌ಸ್ಟರ್‌ಡ್ಯಾಮಿನಲ್ಲಿ ವ್ಯಾಪಾರ ಮಾಡಿ, ಸ್ಟಾಕ್‌ಹೋಮಿಗೆ ಬಂದ ಯೊಹಾನ್ ಪಾಲ್ಮ್‌ಸ್ಟ್ರೂಕ್ ಎಂಬಾತ 1656ರಲ್ಲಿ ದೊರೆಯ ಅಪ್ಪಣೆ ಪಡೆದು ಸ್ಟಾಕ್‌ಹೋಮ್ಸ್ ಬಾಂಕೊ ಎಂಬ ಬ್ಯಾಂಕು ಕಟ್ಟಿದ. ಜನ ತಾಮ್ರ ತಂದು ಇಡುತ್ತಿದ್ದರು, ಆತ ಅದನ್ನು ದೀರ್ಘ ಕಾಲದ ಸಾಲ ಕೊಡುತ್ತಿದ್ದ. 1660ರಲ್ಲಿ ಸರ್ಕಾರ ಹೊಸ ಹಲಗೆಗಳ ತೂಕ ಇಳಿಸಿತು. ಹಳೆ ಹಲಗೆಯ ತಾಮ್ರಕ್ಕೆ ಅದರ ಮೇಲೆ ಬರೆದ ಬೆಲೆಗಿಂತ ಹೆಚ್ಚು ಬೆಲೆ ಬಂತು. ಇಟ್ಟವರೆಲ್ಲ ತಮ್ಮ ಹಳೆ ಹಲಗೆ ವಾಪಸು ಕೇಳಿಕೊಂಡು ಬ್ಯಾಂಕಿನ ಬಾಗಿಲಿಗೆ ಬಂದರು. ಕೊಡುವುದಕ್ಕೆ ಹಲಗೆ ಎಲ್ಲಿತ್ತು? 1661ರಲ್ಲಿ ಪಾಲ್ಮ್‌ಸ್ಟ್ರೂಕ್ ಹಲಗೆಗೆ ಬದಲಾಗಿ ಕಾಗದ ಕೊಟ್ಟ. ಅದಕ್ಕೂ ಮುಂಚಿನ ಠೇವಣಿ ಚೀಟಿಗಳಂತೆ ಅದು ಒಬ್ಬರ ಹೆಸರಿಗೆ ಬರೆದದ್ದಾಗಿರಲಿಲ್ಲ. ಯಾರ ಕೈಲಿದೆಯೋ ಅವರದು. ಮೊತ್ತ ಮೊದಲೇ ಅಚ್ಚಾಗಿತ್ತು. ಕೈಯಲ್ಲಿ ಮಾಡಿದ ದಪ್ಪ ಕಾಗದ, ಮೇಲೆ ಮುದ್ರೆಗಳು, ಕೆಳಗೆ ಬ್ಯಾಂಕಿನವರ ಸಾಲು ಸಾಲು ಸಹಿ.

ಜನ ಅದನ್ನು ಬಹಳ ಮೆಚ್ಚಿದರು. ಮಡಚಿ ಜೇಬಿಗಿಟ್ಟುಕೊಳ್ಳಬಹುದಾದ ತಾಮ್ರ ಯಾರಿಗೆ ಬೇಡ? ಆದರೆ ಅಚ್ಚು ಹಾಕುವವನ ಕೈ ಕಟ್ಟುವವರು ಯಾರೂ ಇರಲಿಲ್ಲ. ತಾಮ್ರ ಇದ್ದದ್ದಕ್ಕಿಂತ ಕಾಗದ ಹೆಚ್ಚಾಯಿತು. 1663ರ ಹೊತ್ತಿಗೆ ನೋಟು ತಂದವರಿಗೆ ತಾಮ್ರ ಕೊಡಲಾಗದೆ ಬ್ಯಾಂಕು ಬಿತ್ತು. ವಿಚಾರಣೆಯಾಗಿ 1668ರಲ್ಲಿ ಪಾಲ್ಮ್‌ಸ್ಟ್ರೂಕ್‌ಗೆ ಮರಣದಂಡನೆ ವಿಧಿಸಿದರು. ಆಮೇಲೆ ಅದನ್ನು ಸೆರೆವಾಸಕ್ಕೆ ಇಳಿಸಿದರು. 1670ರಲ್ಲಿ ಹೊರಬಂದವನು ಮರುವರ್ಷವೇ ತೀರಿಕೊಂಡ.

ಬಿದ್ದ ಬ್ಯಾಂಕಿನ ಜಾಗದಲ್ಲಿ ಏನು ಕಟ್ಟಿದರು ಎಂಬುದು ನನಗೆ ಈ ಇಡೀ ಚರಿತ್ರೆಯಲ್ಲೇ ದೊಡ್ಡ ಸಂಗತಿ. 1668ರ ಸೆಪ್ಟೆಂಬರಿನಲ್ಲಿ ಸಂಸತ್ತು ತನ್ನ ಕೈಕೆಳಗೇ ಒಂದು ಬ್ಯಾಂಕು ಸ್ಥಾಪಿಸಿತು. ಖಾಸಗಿಯವರಿಗೂ ಕೊಡಲಿಲ್ಲ, ದೊರೆಗೂ ಕೊಡಲಿಲ್ಲ. ಕುಲೀನರು, ಪಾದ್ರಿಗಳು, ಪಟ್ಟಣದ ವರ್ತಕರು ಸೇರಿ ಅದರ ಮೇಲ್ವಿಚಾರಣೆ ಹೊತ್ತರು. ಸಂಸತ್ತಿನ ನಾಲ್ಕನೇ ವರ್ಗವಾದ ರೈತರು ಮೊದಲಿಗೆ ಅದರಲ್ಲಿ ಸೇರಲಿಲ್ಲ. ಇವತ್ತಿನ ರಿಕ್ಸ್‌ಬ್ಯಾಂಕ್ ಅದೇ, ಜಗತ್ತಿನ ಕೇಂದ್ರ ಬ್ಯಾಂಕುಗಳಲ್ಲಿ ಎಲ್ಲಕ್ಕಿಂತ ಹಳೆಯದು. ಹಳೆ ಬ್ಯಾಂಕಿನ ಗಾಯ ಇನ್ನೂ ಹಸಿಯಾಗಿದ್ದರಿಂದ ನೋಟು ಅಚ್ಚು ಹಾಕಕೂಡದು ಎಂದು ಅದಕ್ಕೆ ಮೊದಲೇ ಕಟ್ಟಪ್ಪಣೆ ಮಾಡಿದ್ದರು.

ಕಟ್ಟಪ್ಪಣೆ ಉಳಿಯಲಿಲ್ಲ. 1701ರಲ್ಲಿ ಕೈಯಿಂದ ಕೈಗೆ ಹೆಸರು ಬರೆದು ದಾಟಿಸುವ ಚೀಟಿಗಳು ಬಂದವು. ಹನ್ನೆರಡನೇ ಕಾರ್ಲ್ ದೊರೆಯ ಯುದ್ಧದ ಖರ್ಚಿಗೆ 1715ರಿಂದ ಮುಂದೆ ಸಣ್ಣ ತಾಮ್ರದ ಬಿಲ್ಲೆಗಳ ಮೇಲೆ ‘ಒಂದು ದಾಲೆರ್’ ಎಂದು ಬರೆದು ಬಿಟ್ಟರು. ಲೋಹದ ಬೆಲೆ ಅದರ ಸಣ್ಣ ಪಾಲೂ ಇರಲಿಲ್ಲ. 1718ರಲ್ಲಿ ದೊರೆ ಯುದ್ಧದಲ್ಲಿ ಸತ್ತ. ಆ ಬಿಲ್ಲೆಗಳ ಹೊಣೆ ಹೊತ್ತಿದ್ದ ಮಂತ್ರಿ ಗೋರ್ಟ್ಸ್‌ನ ತಲೆಯನ್ನು ಮರುವರ್ಷ ಕಡಿದರು. 1745ರಲ್ಲಿ ನೋಟಿಗೆ ತಾಮ್ರ ಕೊಡುವುದನ್ನು ನಿಲ್ಲಿಸಿದರು, ಬೆಲೆಗಳು ಏರಿದವು. ಆದರೂ ಕಾಗದ ನಿಲ್ಲಲಿಲ್ಲ. 1755ರಲ್ಲಿ ರಿಕ್ಸ್‌ಬ್ಯಾಂಕ್ ಸ್ಟಾಕ್‌ಹೋಮಿನ ತೆಂಕಣಕ್ಕಿರುವ ತುಂಬಾ ಎಂಬಲ್ಲಿ ನೋಟಿನ ಕಾಗದಕ್ಕೆಂದೇ ಗಿರಣಿ ತೆರೆಯಿತು. ಆ ಕಾಲದ ನೋಟುಗಳ ಮೇಲೆ, ನಕಲಿ ಮಾಡಿದವರಿಗೆ ನೇಣು ಎಂದು ಸ್ವೀಡಿಷ್ ಮತ್ತು ಫಿನ್ನಿಷ್ ಎರಡೂ ಭಾಷೆಯಲ್ಲಿ ಅಚ್ಚಾಗಿರುತ್ತಿತ್ತು. ಫಿನ್ಲೆಂಡ್ ಆಗ ಸ್ವೀಡನ್ನಿನ ಭಾಗವಾಗಿತ್ತು.

ಹತ್ತೊಂಬತ್ತನೇ ಶತಮಾನದಲ್ಲಿ ನಿಲ್ಲದೆ ಮುಂದೆ ಹೋಗುತ್ತೇನೆ. 1873ರಲ್ಲಿ ಇವತ್ತಿನ ಹಣವಾದ ಕ್ರೋನಾ ಬಂತು. 1831ರಿಂದ ಖಾಸಗಿ ಬ್ಯಾಂಕುಗಳೂ ತಮ್ಮ ತಮ್ಮ ನೋಟು ಹೊರಡಿಸುತ್ತಿದ್ದವು, 1903ರ ಕೊನೆಗೆ ಅದೂ ನಿಂತು ನೋಟಿನ ಹಕ್ಕು ರಿಕ್ಸ್‌ಬ್ಯಾಂಕಿಗೆ ಒಂದಕ್ಕೇ ಉಳಿಯಿತು. ನನ್ನಂಥ ಲೆಕ್ಕದವಳಿಗೆ ಕಥೆ ಮತ್ತೆ ರಂಗೇರುವುದು ಇಪ್ಪತ್ತನೇ ಶತಮಾನದಲ್ಲಿ.

1925ರಲ್ಲಿ ಸ್ವೀಡನ್ನಿನ ಅಂಚೆ ಇಲಾಖೆ ಪೋಸ್ಟ್‌ಗಿರೋ ಶುರುಮಾಡಿತು. ವ್ಯಾಪಾರಿಗೆ ಅಂಚೆಯಲ್ಲಿ ಒಂದು ಖಾತೆ, ಆ ಖಾತೆಗೊಂದು ಸಂಖ್ಯೆ. ಬಾಡಿಗೆ, ದೀಪದ ಬಿಲ್ಲು, ಪತ್ರಿಕೆಯ ಚಂದಾ ಯಾವುದಿರಲಿ, ಅದರ ಜೊತೆ ಅಚ್ಚು ಮಾಡಿದ ಚೀಟಿ ಬರುತ್ತಿತ್ತು. ಅದನ್ನು ಅಂಚೆ ಕಚೇರಿಗೆ ಒಯ್ದು ಕಟ್ಟಿದರೆ ಆಯಿತು. ಎರಡೂ ಕಡೆ ಖಾತೆ ಇದ್ದರೆ ದುಡ್ಡು ಕದಲಬೇಕಾಗಿಯೇ ಇಲ್ಲ, ಒಂದು ಖಾತೆಯಲ್ಲಿ ಕಳೆದು ಇನ್ನೊಂದರಲ್ಲಿ ಕೂಡಿಸುತ್ತಿದ್ದರು. ಬ್ಯಾಂಕುಗಳು 1959ರಲ್ಲಿ ಇದಕ್ಕೆ ಎದುರಾಗಿ ಬ್ಯಾಂಕ್‌ಗಿರೋ ತಂದವು. ಇವತ್ತು ನಾನು ಕಂಪ್ಯೂಟರಿನಲ್ಲಿ ಪಾವತಿ ಮಾಡುವ ಪ್ರತಿ ಬಿಲ್ಲಿನ ಕೆಳಗೂ ಬ್ಯಾಂಕ್‌ಗಿರೋ ಸಂಖ್ಯೆ ಇರುತ್ತದೆ, ಅದರ ಪಕ್ಕದಲ್ಲಿ ಯಾವ ಬಿಲ್ಲೆಂದು ಗುರುತಿಸುವ ಉದ್ದನೆಯ ಅಂಕಿ ಸಾಲು. ಆ ಅಂಕಿಯಲ್ಲಿ ಒಂದು ತಪ್ಪಿದರೆ ಪಾವತಿ ಮುಂದೆ ಹೋಗುವುದಿಲ್ಲ, ಏಕೆಂದರೆ ಕೊನೆಯ ಅಂಕಿ ಹಿಂದಿನವನ್ನೆಲ್ಲ ತಾಳೆ ನೋಡುವ ಅಂಕಿ. ಅಪ್ಪ ರಾತ್ರಿ ಅಂಗಡಿ ಮುಚ್ಚುವ ಮುಂಚೆ ಉದ್ರಿ ಪುಸ್ತಕದ ಮೊತ್ತವನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಎರಡು ಸಲ ಕೂಡಿಸುತ್ತಿದ್ದರು. ಅವರಿಗೆ ಈ ತಾಳೆ ಅಂಕಿಯನ್ನು ಫೋನಿನಲ್ಲಿ ವಿವರಿಸಿದಾಗ ಬಹಳ ಸಂತೋಷಪಟ್ಟರು.

ಗಿರೋ ವ್ಯಾಪಾರಿಗಳದಾಯಿತು. ಮನೆಮನೆಯ ಜನ ನಗದು ಬಿಟ್ಟದ್ದು ಸಂಬಳದ ದಾರಿಯಲ್ಲಿ. ನಮ್ಮ ಮೆಟ್ಟಿಲ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಅದೇ ಆವೆಸ್ತಾದವರು. ತಾಮ್ರದ ಹಲಗೆ ಅಚ್ಚಾಗುತ್ತಿದ್ದ ಆ ಊರಿನಲ್ಲಿ ಆಮೇಲೆ ಉಕ್ಕಿನ ಕಾರ್ಖಾನೆ ಬಂತು. ಅವರ ತಂದೆ ಅಲ್ಲಿ ಕುಲುಮೆಯ ಕೆಲಸದಲ್ಲಿದ್ದರು. ಸಂಬಳ ಕಂದು ಬಣ್ಣದ ಲಕೋಟೆಯಲ್ಲಿ ಬರುತ್ತಿತ್ತಂತೆ, ಲಕೋಟೆಯ ಮೇಲೆ ಗಂಟೆಗಳ ಲೆಕ್ಕ, ತೆರಿಗೆಯ ಕಡಿತ, ಒಳಗೆ ನೋಟು, ತಳದಲ್ಲಿ ಚಿಲ್ಲರೆ. ತಾಯಿ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಸುರಿದು ಬಾಡಿಗೆಗಿಷ್ಟು, ಹಾಲಿಗಿಷ್ಟು, ಚಳಿಗಾಲದ ಬೂಟಿಗಿಷ್ಟು ಎಂದು ಡಬ್ಬಿಗಳಿಗೆ ಹಂಚುತ್ತಿದ್ದರಂತೆ. 1960ರ ದಶಕದಲ್ಲಿ ಆ ಲಕೋಟೆ ನಿಂತಿತು. ‘ಲಕೋಟೆ ಬರುವಾಗ ಮನೆಯಲ್ಲಿ ಎಷ್ಟು ದುಡ್ಡಿದೆ ಅಂತ ಅಮ್ಮನಿಗೆ ಗೊತ್ತಿರುತ್ತಿತ್ತು’ ಎಂದರು ಅಜ್ಜಿ. ‘ಖಾತೆಗೆ ಬರೋಕೆ ಶುರುವಾದ ಮೇಲೆ ಅಪ್ಪನನ್ನು ಕೇಳಬೇಕಾಯಿತು. ಖಾತೆ ಅವರ ಹೆಸರಲ್ಲಿತ್ತು.’

ಈ ಮಾತು ನನ್ನಲ್ಲಿ ಬಹಳ ದಿನ ಕೂತಿತ್ತು. ನಗದು ಹೋದಾಗ ಮನೆಯೊಳಗಿನ ಅಧಿಕಾರವೂ ಸ್ವಲ್ಪ ಜರುಗುತ್ತದೆ ಎಂಬುದು ಯಾವ ಬ್ಯಾಂಕಿನ ಇತಿಹಾಸದಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮ ಕಡೆ ಅಕ್ಕಿ ಡಬ್ಬಿಯಲ್ಲಿ, ಸಾಸಿವೆ ಡಬ್ಬಿಯಲ್ಲಿ ಹಣ ಇಡುತ್ತಿದ್ದ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂಬಳ ಖಾತೆಗೆ ಹೋದದ್ದು ಯಾರೋ ಒಬ್ಬರ ಆಜ್ಞೆಯಿಂದಲ್ಲ. ಬ್ಯಾಂಕುಗಳಿಗೆ ಠೇವಣಿ ಬೇಕಿತ್ತು. ಕಾರ್ಖಾನೆಗಳಿಗೆ ಸಾವಿರಾರು ಲಕೋಟೆ ತುಂಬುವ ಕೆಲಸ, ಅಷ್ಟು ನಗದು ಸಾಗಿಸುವ ಅಪಾಯ ತಪ್ಪಬೇಕಿತ್ತು. ಬಲವಾಗಿದ್ದ ಕಾರ್ಮಿಕ ಸಂಘಗಳೂ ಒಪ್ಪಿದವು. ಮೂವರೂ ಕೂತು ಮಾತಾಡಿ ಒಂದು ನಿರ್ಧಾರಕ್ಕೆ ಬರುವುದು ಈ ದೇಶದ ರೀತಿ. ಹಾಗಾಗಿ ಮೊಬೈಲ್ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಸ್ವೀಡನ್ನಿನ ಸಾಮಾನ್ಯ ಕೂಲಿಯವನಿಗೂ ಬ್ಯಾಂಕ್ ಖಾತೆ ಇತ್ತು. ಜೊತೆಗೆ 1947ರಿಂದ ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಇತ್ತು. ಮುಂದೆ ಬಂದ ಕಾರ್ಡು, ಆ್ಯಪು ಎಲ್ಲ ಈ ಎರಡರ ಮೇಲೆ ನಿಂತಿವೆ.

ಆದರೆ ದುಡ್ಡೆಲ್ಲ ಬ್ಯಾಂಕಿನೊಳಗೆ ಸೇರಿದ ಮೇಲೆ, ಬ್ಯಾಂಕು ಮುಚ್ಚಿದ ಶನಿವಾರ ಏನು ಮಾಡಬೇಕು? ಅದಕ್ಕೆ ಉತ್ತರವಾಗಿ ಬಂದದ್ದು ಯಂತ್ರ. 1967ರ ಜುಲೈ 6ರಂದು ಉಪ್ಸಾಲಾ ನಗರದ ಉಳಿತಾಯ ಬ್ಯಾಂಕೊಂದು ದೇಶದ ಮೊದಲ ನಗದು ಯಂತ್ರ ತೆರೆಯಿತು. ಲಂಡನ್ನಿನ ಎನ್‌ಫೀಲ್ಡಿನಲ್ಲಿ ಮೊದಲ ಯಂತ್ರ ಶುರುವಾಗಿ ಆಗ ಹತ್ತು ದಿನವೂ ಆಗಿರಲಿಲ್ಲ. ಅಂಗಡಿಯಲ್ಲಿ ಚೆಕ್ ಬರೆದುಕೊಡುವುದು ಕೆಲಕಾಲ ಚೆನ್ನಾಗಿ ನಡೆಯಿತು. ಬ್ಯಾಂಕುಗಳು ಅದಕ್ಕೆ ಶುಲ್ಕ ಹಾಕತೊಡಗಿದಾಗ ಜನ ಚೆಕ್ ಬಿಟ್ಟು ಕಾರ್ಡು ಹಿಡಿದರು.

ನಗದಿನ ಬಗ್ಗೆ ಭಯ ಹುಟ್ಟಿಸಿದ್ದು ದರೋಡೆಗಳು. 2008ರಲ್ಲಿ ದೇಶದಲ್ಲಿ 110 ಬ್ಯಾಂಕ್ ದರೋಡೆಗಳಾಗಿದ್ದವು. 2009ರ ಸೆಪ್ಟೆಂಬರ್ 23ರ ನಸುಕಿನಲ್ಲಿ ಸ್ಟಾಕ್‌ಹೋಮಿನ ವೆಸ್ಟ್‌ಬೆರಿಯಾದ ನಗದು ಗೋದಾಮಿನ ಮಾಳಿಗೆಯ ಮೇಲೆ ಕದ್ದ ಹೆಲಿಕಾಪ್ಟರ್ ಇಳಿಸಿ, ಗಾಜಿನ ಚಾವಣಿ ಒಡೆದು, ಸುಮಾರು 3 ಕೋಟಿ 90 ಲಕ್ಷ ಕ್ರೋನಾ ಹೊತ್ತೊಯ್ದರು. ಪೊಲೀಸರ ಹೆಲಿಕಾಪ್ಟರ್ ನಿಂತ ಜಾಗದಲ್ಲಿ ಬಾಂಬಿನಂತೆ ಕಾಣುವ ಪೆಟ್ಟಿಗೆ ಇಟ್ಟು ಅದು ಹಾರದಂತೆ ಮಾಡಿದ್ದರು. ಬಸ್ಸಿನ ಚಾಲಕರ ಮೇಲೆ ಚಿಲ್ಲರೆ ದುಡ್ಡಿಗಾಗಿ ಹಲ್ಲೆಗಳಾಗುತ್ತಿದ್ದವು. ಅವರ ಸಂಘ ಪಟ್ಟು ಹಿಡಿದ ಮೇಲೆ ಬಸ್ಸಿನಲ್ಲಿ ನಗದು ನಿಂತಿತು. ಆಬ್ಬಾ ಗಾಯಕ ತಂಡದ ಬ್ಯೋರ್ನ್ ಉಲ್ವೇಯಸ್, ತನ್ನ ಮಗನ ಮನೆಗೆ ಕಳ್ಳರು ನುಗ್ಗಿದ ಮೇಲೆ ನಗದೇ ಬೇಡವೆಂದು ಬಹಿರಂಗವಾಗಿ ವಾದಿಸಿದರು. 2013ರಲ್ಲಿ ತೆರೆದ ಆಬ್ಬಾ ವಸ್ತುಸಂಗ್ರಹಾಲಯ ನಗದು ಒಲ್ಲೆನೆಂದಿತು. ಬ್ಯಾಂಕ್ ಶಾಖೆಗಳೂ ಒಂದೊಂದಾಗಿ ನಗದು ಇಡುವುದು ಬಿಟ್ಟವು. 2011ರ ಹೊತ್ತಿಗೆ ಬ್ಯಾಂಕ್ ದರೋಡೆಗಳು 16ಕ್ಕೆ ಇಳಿದಿದ್ದವು.

ತೆರಿಗೆಯವರ ಕೈಯೂ ಇದರಲ್ಲಿದೆ. 2010ರಿಂದ ನಗದಿನ ವ್ಯಾಪಾರ ಮಾಡುವ ಅಂಗಡಿಗಳಿಗೆ, ಪ್ರತಿ ಬಿಲ್ಲನ್ನೂ ಅಳಿಸಲಾಗದಂತೆ ದಾಖಲು ಮಾಡುವ ಪ್ರಮಾಣಿತ ಯಂತ್ರ ಕಡ್ಡಾಯವಾಯಿತು. ಮನೆ ಗುಡಿಸುವವರಿಗೆ, ರಿಪೇರಿಯವರಿಗೆ ಕೊಡುವ ಹಣ ಬಿಲ್ಲಿನ ಲೆಕ್ಕದಲ್ಲಿ ಹೋದರೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟರು. ಕೈಗೆ ಗುಟ್ಟಾಗಿ ಕೊಡುವುದರಲ್ಲಿ ಲಾಭ ಉಳಿಯಲಿಲ್ಲ. 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆ ಯುಪಿಐ ವಹಿವಾಟಿನ ಆಧಾರದ ಮೇಲೆ ಜಿಎಸ್‌ಟಿ ನೋಟಿಸ್ ಬಂದು, ಅವರು ಕ್ಯೂಆರ್ ಚೀಟಿ ಕಿತ್ತುಹಾಕಿ ‘ನಗದು ಮಾತ್ರ’ ಎಂದು ಬರೆದು ಅಂಟಿಸಿದ್ದನ್ನು ಇಲ್ಲಿ ಕೂತು ಓದಿದೆ. ಸ್ವೀಡನ್ನಿನಲ್ಲಿ ಯಂತ್ರ ಮತ್ತು ರಿಯಾಯಿತಿ ಮೊದಲು ಬಂದವು, ಆ್ಯಪು ಆಮೇಲೆ ಬಂತು. ನಮ್ಮಲ್ಲಿ ಆ್ಯಪು ಮೊದಲು ಬಂತು, ನೋಟಿಸು ಆಮೇಲೆ. ಸಣ್ಣ ಅಂಗಡಿಯವರಿಗೆ ಈ ಕ್ರಮ ಬಹಳ ಮುಖ್ಯ. ಕಿರಾಣಿ ಅಂಗಡಿಯಲ್ಲಿ ಬೆಳೆದವಳಾಗಿ ಇದನ್ನು ಗಟ್ಟಿಯಾಗಿ ಹೇಳುತ್ತೇನೆ.

ಸ್ವಿಶ್ ಬಂದದ್ದು 2012ರ ಡಿಸೆಂಬರಿನಲ್ಲಿ. ಆರು ದೊಡ್ಡ ಬ್ಯಾಂಕುಗಳು ಸೇರಿ ಕಟ್ಟಿದವು. ಎದುರಿನವರ ಮೊಬೈಲ್ ಸಂಖ್ಯೆ ಒತ್ತಿ, ಮೊತ್ತ ಬರೆದು, 2003ರಿಂದ ಬಳಕೆಯಲ್ಲಿದ್ದ ಬ್ಯಾಂಕ್‌ಐಡಿಯಿಂದ ಗುರುತು ಕೊಟ್ಟರೆ ಹಣ ಕೂಡಲೇ ಹೋಗುತ್ತದೆ. ಒಂದು ಕೋಟಿಗೆ ಸ್ವಲ್ಪ ಮೇಲ್ಪಟ್ಟ ಜನರಿರುವ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಜನ ಇದನ್ನು ಬಳಸುತ್ತಾರೆ. ಚರ್ಚಿನ ಕಾಣಿಕೆ, ಮಕ್ಕಳ ಫುಟ್‌ಬಾಲ್ ಪಂದ್ಯದಲ್ಲಿ ಮಾರುವ ಕಾಫಿ ಎಲ್ಲ ಸ್ವಿಶ್. ಮನೆಯಿಲ್ಲದವರು ಬೀದಿಯಲ್ಲಿ ಮಾರುವ ಸಿಚುವೇಶನ್ ಸ್ಟಾಕ್‌ಹೋಮ್ ಪತ್ರಿಕೆಗೆ 2013ರಿಂದಲೇ ಕಾರ್ಡು ನಡೆಯುತ್ತದೆ. ನಾವು ಕನ್ನಡದವರು ಯುಗಾದಿಗೆ ಸೇರಿದಾಗ ಮಂಗಳಾರತಿ ತಟ್ಟೆ ಸಾಲಿನ ಮುಂದೆ ಬರುತ್ತದೆ. ಆರತಿ ತಗೊಂಡು ಕಣ್ಣಿಗೊತ್ತಿಕೊಂಡವರು ಪಕ್ಕದ ಮೇಜಿನ ಮೇಲಿನ ರಟ್ಟಿನಲ್ಲಿ ಬರೆದ ಸ್ವಿಶ್ ಸಂಖ್ಯೆಗೆ ಕಾಣಿಕೆ ಹಾಕುತ್ತಾರೆ. ಮದುವೆಯ ಮುಯ್ಯಿಯೂ ಹಾಗೆಯೇ. ನೂರಾ ಒಂದು, ಐನೂರಾ ಒಂದು ಎಂದೇ ಒತ್ತುತ್ತೇವೆ, ಆ ಒಂದು ಕ್ರೋನಾ ಬಿಡುವುದಿಲ್ಲ.

ರಿಕ್ಸ್‌ಬ್ಯಾಂಕ್ ಜನರನ್ನು ಕೇಳಿದಾಗ, ಕಡೆಯ ಸಲ ಕೊಂಡದ್ದಕ್ಕೆ ನಗದು ಕೊಟ್ಟೆವು ಎಂದವರು 2010ರಲ್ಲಿ ನೂರಕ್ಕೆ 39. 2020ರಲ್ಲಿ ನೂರಕ್ಕೆ 9.

ಈ ಸುಖದ ಹೊರಗೆ ಉಳಿದವರು ಯಾರೆಂದು ನಾನು ದಿನಾ ನೋಡುತ್ತೇನೆ. ಬೆಂಗಳೂರಿನಿಂದ ಹೊಸದಾಗಿ ಬಂದ ಎಂಜಿನಿಯರ್ ದಂಪತಿಗೆ ಗುರುತಿನ ಸಂಖ್ಯೆ ಕೈಗೆ ಬರುವವರೆಗೆ ಬ್ಯಾಂಕ್‌ಐಡಿ ಇಲ್ಲ, ಬ್ಯಾಂಕ್‌ಐಡಿ ಇಲ್ಲದೆ ಸ್ವಿಶ್ ಇಲ್ಲ. ಹಳೆ ಸಾಮಾನಿನ ಸಂತೆಯಲ್ಲಿ ಮಗುವಿನ ಸೈಕಲ್ ಹಿಡಿದುಕೊಂಡು, ‘ಅಕ್ಕಾ, ನಮ್ಮ ಪರವಾಗಿ ಸ್ವಿಶ್ ಮಾಡ್ತೀರಾ, ಆಮೇಲೆ ಕೊಡ್ತೀವಿ’ ಎಂದು ಕೇಳುತ್ತಾರೆ. ಅವರದು ಕೆಲವು ವಾರಗಳ ಕಷ್ಟ. ಪಕ್ಕದ ಮನೆ ಅಜ್ಜಿಯದು ಹಾಗಲ್ಲ. ಅಂಚೆ ಕಚೇರಿಗಳು ಹೋದವು, ಅವುಗಳ ಬದಲಿಗೆ ಇದ್ದ ನಗದು ಸೇವೆಯ ಕಿಟಕಿಗಳೂ 2008ರ ಕೊನೆಗೆ ಮುಚ್ಚಿದವು. ಅವರ ಬೆರಳು ನಡುಗುತ್ತದೆ, ಬ್ಯಾಂಕ್‌ಐಡಿಯ ಆರಂಕಿ ಗುಪ್ತಸಂಖ್ಯೆ ಒಂದೇ ಸಲಕ್ಕೆ ಸರಿಯಾಗಿ ಬೀಳುವುದಿಲ್ಲ. ಬ್ಯಾಂಕಿನವರೆಂದು ಫೋನ್ ಮಾಡಿ ಮುದುಕರಿಂದ ಬ್ಯಾಂಕ್‌ಐಡಿ ಒತ್ತಿಸಿ ಖಾತೆ ಬರಿದು ಮಾಡುವ ಮೋಸಗಾರರ ಸುದ್ದಿ ಪತ್ರಿಕೆಯಲ್ಲಿ ಓದಿ ಅವರು ಫೋನ್ ಎತ್ತುವುದಕ್ಕೇ ಹೆದರುತ್ತಾರೆ. ಹೆಲಿಕಾಪ್ಟರಿನಲ್ಲಿ ಬಂದ ಕಳ್ಳರು ಗೋದಾಮು ದೋಚಿದರು, ಇವರು ದೋಚುವುದು ಒಂಟಿ ಮುದುಕರನ್ನು.

2015ರಲ್ಲಿ ಕೊಂತಾಂತ್‌ಊಪ್‌ರೂರೆಟ್ ಎಂಬ ಚಳವಳಿ ನಗದಿನ ಪರವಾಗಿ ಎದ್ದಿತು. ಮುಂದಾಳು ಬ್ಯೋರ್ನ್ ಎರಿಕ್ಸನ್, ದೇಶದ ಪೊಲೀಸ್ ಮುಖ್ಯಸ್ಥರಾಗಿದ್ದವರು, ಇಂಟರ್‌ಪೋಲ್ ಅಧ್ಯಕ್ಷರಾಗಿದ್ದವರು. ಕಳ್ಳರನ್ನು ಹಿಡಿಯುವುದರಲ್ಲೇ ಆಯುಷ್ಯ ಕಳೆದವರೊಬ್ಬರು ನಗದು ಉಳಿಯಲಿ ಎಂದಾಗ ಜನ ಕಿವಿಗೊಟ್ಟರು. ಅದೇ ವರ್ಷ, ಸಾರ್ವಜನಿಕ ಆಸ್ಪತ್ರೆಯ ಶುಲ್ಕವನ್ನು ನಗದಿನಲ್ಲಿ ಕೊಟ್ಟರೆ ಒಪ್ಪಿಕೊಳ್ಳಲೇಬೇಕೆಂದು ಕ್ರೋನೊಬೆರ್ಗ್ ಪ್ರಾಂತದ ಪ್ರಕರಣವೊಂದರಲ್ಲಿ ದೇಶದ ಉನ್ನತ ಆಡಳಿತ ನ್ಯಾಯಾಲಯ ತೀರ್ಪು ಕೊಟ್ಟಿತು. ಖಾಸಗಿ ಅಂಗಡಿಗೆ ಆ ಕಟ್ಟಳೆ ಇಲ್ಲ. ಬಾಗಿಲಲ್ಲಿ ‘ನಗದು ಪಡೆಯುವುದಿಲ್ಲ’ ಎಂದು ಬರೆದಿದ್ದರೆ ಮುಗಿಯಿತು, ರಿಕ್ಸ್‌ಬ್ಯಾಂಕಿನ ನೋಟನ್ನೂ ಅವರು ಬೇಡವೆನ್ನಬಹುದು.

ಆಮೇಲೆ ಸರ್ಕಾರಕ್ಕೂ ಎಚ್ಚರವಾಯಿತು. 2018ರಲ್ಲಿ ಮನೆಮನೆಗೂ ಕಳಿಸಿದ ಯುದ್ಧ-ವಿಪತ್ತಿನ ಕೈಪಿಡಿಯಲ್ಲಿ ಸಣ್ಣ ಮೊತ್ತದ ನೋಟು ಮನೆಯಲ್ಲಿಡಿ ಎಂದು ಬರೆದಿತ್ತು. 2021ರ ಜನವರಿಯಿಂದ ದೊಡ್ಡ ಬ್ಯಾಂಕುಗಳು ದೇಶದಾದ್ಯಂತ ನಗದು ತೆಗೆಯುವ, ಕಟ್ಟುವ ಸೌಲಭ್ಯ ಉಳಿಸಲೇಬೇಕೆಂದು ಕಾನೂನಾಯಿತು. ಅದೇ ವರ್ಷದ ಜುಲೈನಲ್ಲಿ ಅಮೆರಿಕದ ತಂತ್ರಾಂಶವೊಂದರ ಮೇಲೆ ನಡೆದ ಸೈಬರ್ ದಾಳಿಯಿಂದ ಕೋಪ್ ಎಂಬ ದಿನಸಿ ಅಂಗಡಿ ಸರಣಿಯ ಬಿಲ್ಲಿನ ಯಂತ್ರಗಳು ಸತ್ತು, ಸುಮಾರು 800 ಅಂಗಡಿ ಬಾಗಿಲು ಹಾಕಿದವು. ಜೇಬಿನಲ್ಲಿ ನೋಟಿದ್ದವರಿಗೂ ಅಲ್ಲಿ ಹಾಲು ಸಿಗಲಿಲ್ಲ, ಏಕೆಂದರೆ ಗಲ್ಲಾಪೆಟ್ಟಿಗೆಯೂ ಕಂಪ್ಯೂಟರಿನದೇ ಆಗಿತ್ತು. ನೋಟು ಇದ್ದರಷ್ಟೇ ಸಾಲದು, ಅದನ್ನು ಪಡೆಯಬಲ್ಲ ಅಂಗಡಿಯೂ ಇರಬೇಕೆಂದು ಆ ದಿನ ಎಲ್ಲರಿಗೂ ಗೊತ್ತಾಯಿತು.

ರಿಕ್ಸ್‌ಬ್ಯಾಂಕ್ ತಾನೇ ಮುಂದೆ ಬಂದು, ದಿನಸಿ, ಔಷಧಿ, ಇಂಧನದಂಥ ಅಗತ್ಯ ವಸ್ತು ಮಾರುವವರು ನಗದು ಪಡೆಯುವುದು ಕಡ್ಡಾಯವಾಗಬೇಕೆಂದು ಕೇಳಿದೆ. 1668ರಲ್ಲಿ ಖಾಸಗಿ ಬ್ಯಾಂಕಿನ ಮಾತು ಕೆಟ್ಟಾಗ ಸಂಸತ್ತು ಹೊಣೆ ಹೊತ್ತಿತ್ತು. ಆ ಹೊಣೆ ಇವತ್ತಿಗೂ ಅದರದೇ. ನಾನು ಸ್ವಿಶ್ ಬಿಡುವವಳಲ್ಲ, ಅದು ಒಳ್ಳೆಯ ಕೆಲಸ. ಆದರೆ ನಡುಗುವ ಬೆರಳಿನ ಅಜ್ಜಿಯೊಬ್ಬರು ನೂರು ಕ್ರೋನಾ ನೋಟು ಹಿಡಿದು ಔಷಧಿ ಅಂಗಡಿಗೆ ಹೋದರೆ, ಯಾವ ಬೋರ್ಡೂ ಅವರನ್ನು ಬರಿಗೈಯಲ್ಲಿ ಕಳಿಸಬಾರದು. ನೆರೆಯ ನಾರ್ವೆ 2024ರ ಅಕ್ಟೋಬರ್ 1ರಿಂದ ಸಿಬ್ಬಂದಿ ಇರುವ ಅಂಗಡಿಗಳು ನಗದು ನಿರಾಕರಿಸುವಂತಿಲ್ಲ ಎಂಬ ಕಾನೂನು ಗಟ್ಟಿ ಮಾಡಿದೆ. ಸ್ವೀಡನ್ ಕೂಡ ಅದನ್ನೇ ಮಾಡಬೇಕು, ದಿನಸಿ ಮತ್ತು ಔಷಧಿಯಿಂದ ಶುರುಮಾಡಬೇಕು.